ಫ್ಲೈಟ್ ಎಷ್ಟು ದೂರ, ಎಷ್ಟೊತ್ತು? ನೀವೇ ಲೆಕ್ಕ ಹಾಕೋದು ಹೀಗೆ

ಲಂಡನ್ ಬಿಡೋದು ಬೆಳಗ್ಗೆ 11ಕ್ಕೆ, ನ್ಯೂಯಾರ್ಕ್ ಸೇರೋದು ಮಧ್ಯಾಹ್ನ 2ಕ್ಕೆ ಅಂತ ಟಿಕೆಟ್ ಮೇಲೆ ನೋಡಿ ಬರೀ ಮೂರೇ ಗಂಟೆನಾ ಅಂದ್ಕೋಬೇಡಿ, ಅದು ಎಂಟು ಗಂಟೆ ಪ್ರಯಾಣ. ಟಿಕೆಟ್‌ನಲ್ಲಿರೋ ಎರಡೂ ಟೈಮು ಆಯಾ ಊರಿನ ಗಡಿಯಾರದ್ದು, ನ್ಯೂಯಾರ್ಕ್ 5 ಗಂಟೆ ಹಿಂದೆ ಇರುತ್ತೆ (ವರ್ಷದಲ್ಲಿ ಕೆಲವು ವಾರ ಮಾತ್ರ 4). ಹಾಗಾಗಿ ಮೊದಲು ಎರಡನ್ನೂ ಒಂದೇ ಗಡಿಯಾರಕ್ಕೆ ತಂದು ಆಮೇಲೆ ಕಳೀರಿ.

ಟಿಕೆಟ್ಟೇ ಇಲ್ಲ ಅಂದ್ರೆ ದೂರದಿಂದ ಶುರು ಮಾಡ್ಬೇಕು. ಗೋಡೆ ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೀಬೇಡಿ, ಭೂಮಿ ಗುಂಡಗಿದೆ, ಮ್ಯಾಪ್ ಚಪ್ಪಟೆ. ಒಂದು ಗ್ಲೋಬ್ ತಗೊಂಡು ಎರಡೂ ಊರಿನ ಮಧ್ಯೆ ದಾರ ಬಿಗಿಯಾಗಿ ಎಳೆದು ಹಿಡೀರಿ, ದಾರ ತಾನಾಗೇ ಉತ್ತರಕ್ಕೆ ಬಾಗಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆಯಿಂದ ಹೋಗುತ್ತೆ, ಅದೇ ಹತ್ತಿರದ ದಾರಿ. ಆನ್‌ಲೈನ್ ಕ್ಯಾಲ್ಕುಲೇಟರ್‌ಗಳೂ ಮಾಡೋದು ಇದನ್ನೇ. ಅಲ್ಲಿ ಊರಿನ ಹೆಸರಲ್ಲ, ಏರ್‌ಪೋರ್ಟ್‌ನ ಮೂರಕ್ಷರದ ಕೋಡ್ ಹಾಕಿ, ಲಂಡನ್ ಅಂತ ಹೊಡೆದ್ರೆ ಐದಾರು ಏರ್‌ಪೋರ್ಟ್ ಬರುತ್ತೆ. ಎಲ್‌ಎಚ್‌ಆರ್‌ನಿಂದ (ಲಂಡನ್ನಿನ ಹೀಥ್ರೋ) ಜೆಎಫ್‌ಕೆಗೆ (ನ್ಯೂಯಾರ್ಕ್‌ನ ಕೆನಡಿ ಏರ್‌ಪೋರ್ಟ್) ಸುಮಾರು 3,000 ನಾಟಿಕಲ್ ಮೈಲಿ. ಇದು ರಸ್ತೆ ಮೈಲಿ ಅಲ್ಲ, ಒಂದು ನಾಟಿಕಲ್ ಮೈಲಿ ಅಂದ್ರೆ 1.852 ಕಿ.ಮೀ., ಅಂದ್ರೆ 5,550 ಕಿ.ಮೀ. ಹತ್ತಿರ ಆಯ್ತು.

ಇದನ್ನ ವಿಮಾನದ ವೇಗ ಗಂಟೆಗೆ 850 ಕಿ.ಮೀ. ಅಂತ ಭಾಗಿಸಿದ್ರೆ ಆರೂವರೆ ಗಂಟೆ, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿ, ಏಳು. ಸಣ್ಣ ದೂರಕ್ಕೆ ಈ ಅರ್ಧ ಗಂಟೆನೇ ದೊಡ್ಡದು, 300 ಕಿ.ಮೀ.ಗೆ ಭಾಗಾಕಾರ ಮಾಡಿದ್ರೆ ಬರೋದು 21 ನಿಮಿಷ, ಅಷ್ಟರಲ್ಲಿ ಯಾವ ವಿಮಾನವೂ ತಲುಪಲ್ಲ. ಇನ್ನು ಟಿಕೆಟ್‌ನ ಟೈಮು ಗೇಟ್ ಬಿಟ್ಟಾಗಿಂದ ಗೇಟ್ ಸೇರೋವರೆಗೆ, ರನ್‌ವೇಗೆ ಉರುಳ್ಕೊಂಡು ಹೋಗೋದು, ಕ್ಯೂನಲ್ಲಿ ಕಾಯೋದು ಎಲ್ಲಾ ಅದರಲ್ಲೇ ಬಂತು.

ನನ್ನ ಪ್ರಕಾರ ಮಜಾ ಇರೋದು ಗಾಳೀಲಿ. ಹತ್ತು ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನೋ ರಭಸದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ, ಚಳಿಗಾಲದಲ್ಲಿ ಇನ್ನೂ ಜೋರು. 100 ಕಿ.ಮೀ. ವೇಗದ ಗಾಳಿ ಅಂತ ಇಟ್ಕೊಳಿ, ಎದುರು ಬಂದ್ರೆ 850 ಹೋಗಿ 750, ಹಿಂದಿನಿಂದ ತಳ್ಳಿದ್ರೆ 950. ಏರೋ ಇಳಿಯೋ ಅರ್ಧ ಗಂಟೆನೂ ಸೇರಿಸಿದ್ರೆ ನ್ಯೂಯಾರ್ಕ್‌ಗೆ ಹೋಗೋವಾಗ ಹತ್ತಿರ ಹತ್ತಿರ 8 ಗಂಟೆ, ವಾಪಸ್ ಬರೋವಾಗ ಆರೂಕಾಲು ಚಿಲ್ರೆ, ಅದೇ ದೂರ ಅದೇ ವಿಮಾನ! 2020ರ ಫೆಬ್ರವರಿಯಲ್ಲಿ ಬಿರುಗಾಳಿ ಬೆನ್ನಿಗಿದ್ದಾಗ ಒಂದು ಪ್ಯಾಸೆಂಜರ್ ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷಕ್ಕೇ ಬಂದುಬಿಡ್ತು.

ಕೆಲವು ರೂಟಲ್ಲಿ ಈ ಲೆಕ್ಕ ಪೂರ್ತಿ ಕೈಕೊಡುತ್ತೆ. ಹೆಲ್ಸಿಂಕಿಯಿಂದ ಟೋಕಿಯೋಗೆ ಮೊದ್ಲು ಒಂಬತ್ತೂವರೆ ಗಂಟೆ ಸಾಕಿತ್ತು, 2022ರಲ್ಲಿ ರಷ್ಯಾದ ಆಕಾಶದಲ್ಲಿ ಹಾರೋ ದಾರಿ ಮುಚ್ಚಿದ ಮೇಲೆ ಸುತ್ತಿ ಬಳಸಿ ಸುಮಾರು 13 ಗಂಟೆ ಆಯ್ತು. ಅಂಥ ಕಡೆ ದಾರ, ಭಾಗಾಕಾರ ಎಲ್ಲಾ ಬಿಟ್ಟು ಅದೇ ಫ್ಲೈಟ್ ಹೋದ ವಾರ ಎಷ್ಟೊತ್ತು ತಗೊಂಡಿದೆ ಅಂತ ಫ್ಲೈಟ್ ಟ್ರ್ಯಾಕರ್‌ನಲ್ಲಿ ನೋಡ್ಕೊಳಿ.