ಲೈನಿಂಗ್‌ಗೆ ಪಿಆರ್‌ಪಿ: ಲ್ಯಾಬ್ ಒಳಗಿಂದ ನನ್ನ ಅನುಭವ

ಜಯನಗರದ ಕಡೆ ಒಂದು ಚಿಕ್ಕ ಐವಿಎಫ್ ಸೆಂಟರ್, ಅದರ ಲ್ಯಾಬ್ ನನ್ನ ಜವಾಬ್ದಾರಿ. ಎಂಬ್ರಿಯೊ, ಅಂದ್ರೆ ಭ್ರೂಣ, ನೋಡ್ಕೊಳ್ಳೋದು ಮುಖ್ಯ ಕೆಲಸ, ಅದರ ಜೊತೆಗೆ ಕೆಲವು ವರ್ಷದಿಂದ ಪಿಆರ್‌ಪಿ ಮಾಡೋದೂ ನನ್ನ ತಲೆಗೇ ಬಂದಿದೆ. ಪಿಆರ್‌ಪಿ ಅಂದ್ರೆ ಪ್ಲೇಟ್‌ಲೆಟ್ ಜಾಸ್ತಿ ಇರೋ ಪ್ಲಾಸ್ಮಾ, ಪೇಶೆಂಟಿನದೇ ರಕ್ತ ತೆಗೆದು ಸ್ಪಿನ್ ಮಾಡಿ ಆ ಭಾಗ ಮಾತ್ರ ಬೇರೆ ಮಾಡಿ ಗರ್ಭಕೋಶದ ಒಳಗೆ ಹಾಕೋದು. ಕೂದಲು ಉದುರೋದಕ್ಕೆ, ಮಂಡಿ ನೋವಿಗೆ ಚುಚ್ತಾರೆ ಅಂತ ಬೆಂಗಳೂರಲ್ಲಿ ಎಲ್ಲರಿಗೂ ಗೊತ್ತು, ಗರ್ಭಕೋಶದ ಒಳಪದರ, ಅಂದ್ರೆ ಲೈನಿಂಗ್‌ಗೂ ಹಾಕ್ತಾರೆ ಅಂದ್ರೆ ಹುಬ್ಬೇರಿಸ್ತಾರೆ.

ಯಾರಿಗೆ ಹಾಕ್ತೀವಿ ಅಂದ್ರೆ, ಈಸ್ಟ್ರೋಜನ್ ಮಾತ್ರೆ ಡೋಸ್ ಏರಿಸಿದ್ರೂ ಸ್ಕ್ಯಾನಲ್ಲಿ ಎಂಡೋಮೆಟ್ರಿಯಂ, ಅಂದ್ರೆ ಇದೇ ಲೈನಿಂಗ್, 7 ಎಂಎಂ ದಾಟದೇ ಇರೋರಿಗೆ. ಎಂಬ್ರಿಯೊ ಚೆನ್ನಾಗಿ ಫ್ರೀಜ್ ಆಗಿ ಟ್ಯಾಂಕಲ್ಲಿ ಕೂತಿರುತ್ತೆ, ಹಾಕೋಕೆ ಜಾಗ ರೆಡಿ ಇರಲ್ಲ. ಹಿಸ್ಟರಿ ಕೇಳಿದ್ರೆ ಬಹಳ ಜನರದು ಒಂದೇ ಕಥೆ, ಅಬಾರ್ಷನ್ ಆದ್ಮೇಲೆ ಊರಲ್ಲಿ ಡಿಎನ್‌ಸಿ ಮಾಡ್ಸಿದ್ವಿ, ಎರಡು ಸಲ ಕ್ಲೀನ್ ಮಾಡಿದ್ರು, ಆಮೇಲೆ ಮುಟ್ಟು ಕಮ್ಮಿ ಆಗೋಯ್ತು ಅಂತ. ಡಿಎನ್‌ಸಿ ಅಂದ್ರೆ ಗರ್ಭಕೋಶದ ಒಳಗೆ ಕೆರೆದು ಕ್ಲೀನ್ ಮಾಡೋದು. ಜೋರಾಗಿ ಕೆರೆದಾಗ ಲೈನಿಂಗಿನ ತಳಪದರ, ಅಂದ್ರೆ ಬೇಸಾಲಿಸ್, ಅದಕ್ಕೇ ಏಟು ಬೀಳುತ್ತೆ. ಪ್ರತಿ ತಿಂಗಳು ಉದುರೋದು ಮೇಲಿನ ಪದರ, ಅದನ್ನ ಮತ್ತೆ ಕಟ್ಟೋದು ಈ ತಳಪದರ. ಅದು ಹೋಯ್ತು ಅಂದ್ರೆ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ತವೆ, ಇದಕ್ಕೇ ಆಶರ್ಮನ್ ಸಿಂಡ್ರೋಮ್ ಅನ್ನೋದು. ಜೋಸೆಫ್ ಆಶರ್ಮನ್ ಅನ್ನೋ ಡಾಕ್ಟರ್ 1948ರಲ್ಲಿ ವಿವರವಾಗಿ ಬರೆದಿದ್ದು, ಅದಕ್ಕೂ ಮುಂಚೆ 1894ರಲ್ಲೇ ಫ್ರಿಟ್ಶ್ ಒಂದು ಕೇಸ್ ವರದಿ ಮಾಡಿದ್ದರು. ನಮ್ಮ ದೇಶದಲ್ಲಿ ಇನ್ನೊಂದು ದೊಡ್ಡ ಕಾರಣ ಗರ್ಭಕೋಶದ ಟಿಬಿ. ಕೆಮ್ಮು ಇರಲ್ಲ, ಜ್ವರ ಇರಲ್ಲ, ಸದ್ದಿಲ್ಲದೆ ಒಳಗೆ ಎಲ್ಲ ತಿಂದಿರುತ್ತೆ. ಅದಕ್ಕೇ ನಮ್ಮ ಡಾಕ್ಟರು ಮೊದಲು ಹಿಸ್ಟರೋಸ್ಕೋಪಿ ಮಾಡಿ ಕ್ಯಾಮರಾದಲ್ಲಿ ಒಳಗೆ ನೋಡಿ, ಅಂಟಿಕೊಂಡಿರೋದನ್ನ ಬಿಡಿಸಿ, ಸ್ಯಾಂಪಲ್ ಟಿಬಿ ಟೆಸ್ಟಿಗೆ ಕಳಿಸಿ, ಅದೆಲ್ಲ ಕ್ಲಿಯರ್ ಆದ್ಮೇಲೇ ನನ್ನ ಹತ್ರ ಪಿಆರ್‌ಪಿ ಮಾತು ಎತ್ತೋದು. ಟಿಬಿ ಇದ್ದಾಗ ಪಿಆರ್‌ಪಿ ಹಾಕೋದರಲ್ಲಿ ಅರ್ಥಾನೇ ಇಲ್ಲ.

ಈಗ ನನ್ನ ಟೇಬಲ್ ಹತ್ರ ಏನಾಗುತ್ತೆ ಹೇಳ್ತೀನಿ. ಮುಟ್ಟಿನ ಸೈಕಲ್ಲಿನ 10ನೇ ದಿನದ ಆಸುಪಾಸು ಪೇಶೆಂಟ್ ಬರ್ತಾರೆ. ಮೊದಲ ಪ್ರಶ್ನೆ, ಈ ವಾರ ನೋವಿನ ಮಾತ್ರೆ ಏನಾದ್ರೂ ತಗೊಂಡ್ರಾ? ಆಸ್ಪಿರಿನ್, ಬ್ರೂಫೆನ್ ಥರದವು ಪ್ಲೇಟ್‌ಲೆಟ್ ಕೆಲಸಾನ ಮಂಕು ಮಾಡ್ತವೆ, ಐವಿಎಫ್ ಪೇಶೆಂಟ್‌ಗಳಲ್ಲಿ ಎಷ್ಟೋ ಜನ ಇಕೋಸ್ಪ್ರಿನ್ ಮೇಲೇ ಇರ್ತಾರೆ, ಅದೂ ಆಸ್ಪಿರಿನ್ನೇ, ಅದನ್ನ ಡಾಕ್ಟರಿಗೆ ತಿಳಿಸಿ ಅವರು ಹೇಳಿದ ಹಾಗೆ. ಎರಡನೇ ಪ್ರಶ್ನೆ, ಬೆಳಗ್ಗೆ ಏನು ತಿಂದ್ರಿ. ನಗ್ತಾರೆ. ಬೆಣ್ಣೆ ದೋಸೆ ತಿಂದು ಸೀದಾ ಬಂದ್ರೆ ಪ್ಲಾಸ್ಮಾ ಮಬ್ಬಾಗಿ ಬರುತ್ತೆ, ಕೌಂಟರ್ ಮೆಷಿನ್ನಿಗೆ ಕೊಬ್ಬಿನ ಹನಿ ಯಾವುದು ಪ್ಲೇಟ್‌ಲೆಟ್ ಯಾವುದು ಅಂತ ಗೊಂದಲ ಆಗಬಹುದು. ಅದಕ್ಕೆ ಹಿಂದಿನ ದಿನಾನೇ ಫೋನ್ ಮಾಡಿ ಬೆಳಗ್ಗೆ ಲೈಟಾಗಿ ಇಡ್ಲಿ ಸಾಕು ಅಂತ ಹೇಳಿಬಿಡ್ತೀನಿ.

ರಕ್ತ ಎಳೆಯೋದು ದಪ್ಪ ಸೂಜಿಯಲ್ಲಿ, ನಿಧಾನಕ್ಕೆ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದ್ರೆ ಪ್ಲೇಟ್‌ಲೆಟ್ ಅಲ್ಲೇ ಎಚ್ಚೆತ್ತು ಒಳಗಿರೋದೆಲ್ಲ ಕಕ್ಕಿಬಿಡ್ತವೆ, ನಮಗೆ ಬೇಕಿರೋದು ಗರ್ಭಕೋಶದಲ್ಲಿ ಕಕ್ಕಬೇಕು, ಸಿರಿಂಜಲ್ಲಲ್ಲ. ಸಿರಿಂಜಲ್ಲಿ ಮೊದಲೇ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಎಸಿಡಿ-ಎ ದ್ರಾವಣ ಇಟ್ಟಿರ್ತೀನಿ, 8.5 ಎಂಎಲ್ ರಕ್ತಕ್ಕೆ 1.5 ಎಂಎಲ್ ಲೆಕ್ಕ. ರಕ್ತಕಣ ಎಣಿಸೋ ಸಿಬಿಸಿ ಟೆಸ್ಟಿಗೆ ಬಳಸೋ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಲ್ಲಿ ಪಿಆರ್‌ಪಿ ಮಾಡಲ್ಲ, ಅದರಲ್ಲಿ ಪ್ಲೇಟ್‌ಲೆಟ್ ಊದಿಕೊಂಡು ಆಕಾರ ಕೆಡುತ್ತೆ. ಆದ್ರೆ ಅದೇ ಹೊತ್ತಿಗೆ ಒಂದು ಇಡಿಟಿಎ ಟ್ಯೂಬ್ ಬೇರೆ ತಗೊಳ್ತೀನಿ, ಕೌಂಟ್ ಹೋಲಿಸೋದಕ್ಕೆ.

ಮೊದಲ ಸ್ಪಿನ್ ಮೆಲ್ಲಗೆ, 200 ಜಿ, ಅಂದ್ರೆ ಭೂಮಿಯ ಗುರುತ್ವದ 200 ಪಟ್ಟು ಬಲ, 10 ನಿಮಿಷ. ಬ್ರೇಕ್ ಆಫ್. ಬ್ರೇಕ್ ಹಾಕಿದ್ರೆ ನಿಲ್ಲೋವಾಗ ಕುಲುಕಿ ಪದರ ಕಲಸಿಹೋಗುತ್ತೆ, ಈ ಒಂದು ಬಟನ್ ಮೇಲೆ ಇಡೀ ಬೆಳಗಿನ ಕೆಲಸ ನಿಂತಿರುತ್ತೆ. ಟ್ಯೂಬ್ ಹೊರಗೆ ತೆಗೆದಾಗ ಕೆಳಗೆ ಕಡುಕೆಂಪು, ಮೇಲೆ ತಿಳಿ ಹಳದಿ, ಎರಡರ ಮಧ್ಯೆ ಹಾಲಿನ ಕೆನೆ ಥರ ಒಂದು ಬಿಳೀ ಗೆರೆ. ಆ ಗೆರೆಯಲ್ಲಿ ಬಿಳಿ ರಕ್ತಕಣ ಜಾಸ್ತಿ, ಅದನ್ನ ಮುಟ್ಟದ ಹಾಗೆ ಅದರ ಸ್ವಲ್ಪ ಮೇಲೇ ನಿಲ್ಲಿಸಿ ಹಳದಿ ಪ್ಲಾಸ್ಮಾ ಅಷ್ಟೂ ಎಳ್ಕೊಳ್ತೀನಿ. ಕೆಲವರು ಆ ಗೆರೇನೂ ಸೇರಿಸ್ಕೊಳ್ತಾರೆ, ಅದು ಅವರ ಪದ್ಧತಿ, ನಮ್ಮಲ್ಲಿ ಬೇಡ ಅಂತ ಡಾಕ್ಟರು ನಾನು ಕೂತು ತೀರ್ಮಾನ ಮಾಡಿದೀವಿ. ಎರಡನೇ ಸ್ಪಿನ್ 500 ಜಿ, ಮತ್ತೆ 10 ನಿಮಿಷ. ಈಗ ಪ್ಲೇಟ್‌ಲೆಟ್ ಎಲ್ಲ ತಳಕ್ಕೆ ಇಳಿದಿರುತ್ತೆ. ಮೇಲಿನ ನೀರುನೀರು ಪ್ಲಾಸ್ಮಾ ತೆಗೆದುಹಾಕಿ, ಉಳಿದ ಒಂದು ಎಂಎಲ್ ಚಿಲ್ಲರೆಯಲ್ಲಿ ತಳದಲ್ಲಿ ಕೂತ ಪ್ಲೇಟ್‌ಲೆಟ್ಟನ್ನ ಮೆಲ್ಲಗೆ ಬೆರೆಸ್ತೀನಿ, ನೊರೆ ಬರಬಾರದು.

ಹೊಸದಾಗಿ ಕಲಿಯೋಕೆ ಬರೋ ಹುಡುಗರು ಕೇಳೋದು ಒಂದೇ, ಮೇಡಂ ಎಷ್ಟು ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ ಎಷ್ಟು ಸುತ್ತು? ಆರ್‌ಪಿಎಂ ಹೇಳಿ ಪ್ರಯೋಜನ ಇಲ್ಲಪ್ಪ, ನಿಮ್ಮ ಸೆಂಟ್ರಿಫ್ಯೂಜ್ ರೋಟರಿನ ತ್ರಿಜ್ಯ ಎಷ್ಟು ಹೇಳು ಅಂತೀನಿ. ಅದೇ 1200 ಆರ್‌ಪಿಎಂ, ತ್ರಿಜ್ಯ 10 ಸೆಂಟಿಮೀಟರ್ ಇದ್ರೆ ಸುಮಾರು 160 ಜಿ, 15 ಸೆಂಟಿಮೀಟರ್ ಇದ್ರೆ 240 ಜಿ. ಒಂದು ಲ್ಯಾಬಿನ ಚೀಟಿ ತಂದು ಇನ್ನೊಂದು ಲ್ಯಾಬಿನ ಮೆಷಿನ್ನಲ್ಲಿ ಅದೇ ನಂಬರ್ ಒತ್ತಿದ್ರೆ ಬೇರೆಯದೇ ವಸ್ತು ಬರುತ್ತೆ, ಹೆಸರು ಮಾತ್ರ ಎರಡಕ್ಕೂ ಪಿಆರ್‌ಪಿ.

ಅದಕ್ಕೇ ಕೌಂಟ್ ಮಾಡದೇ ನಾನು ಸಿರಿಂಜ್ ಹೊರಗೆ ಕೊಡಲ್ಲ. ರಕ್ತದಲ್ಲಿ ಮೈಕ್ರೋಲೀಟರಿಗೆ ಒಂದೂವರೆಯಿಂದ ನಾಲ್ಕು ಲಕ್ಷ ಪ್ಲೇಟ್‌ಲೆಟ್ ನಾರ್ಮಲ್, ಪಿಆರ್‌ಪಿಯಲ್ಲಿ ಅದರ ನಾಲ್ಕೈದು ಪಟ್ಟು ಬರಬೇಕು. ರಕ್ತದಲ್ಲಿ 2.2 ಲಕ್ಷ ಇದ್ದು ನನ್ನ ಸಿರಿಂಜಲ್ಲಿ 9 ಲಕ್ಷ ಇದ್ರೆ ಸಮಾಧಾನ. ಬರೀ 3 ಲಕ್ಷ ಬಂದ್ರೆ ಅದು ಹಳದಿ ನೀರು ಅಷ್ಟೇ, ಅದಕ್ಕೆ ಪೇಶೆಂಟ್ ಹತ್ರ ದುಡ್ಡು ಯಾಕೆ ತಗೋಬೇಕು? ಮಳೆಗಾಲದಲ್ಲಿ ಇನ್ನೊಂದು ತಲೆನೋವು, ಡೆಂಗ್ಯೂ. ಈ ಊರಲ್ಲಿ ಪ್ಲೇಟ್‌ಲೆಟ್ ಅನ್ನೋ ಪದ ಮನೆಮನೆಗೂ ಕಲಿಸಿದ್ದೇ ಡೆಂಗ್ಯೂ. ಜ್ವರ ಬಂದು ಹೋಗಿ ಇನ್ನೂ ಕೌಂಟ್ ಏರಿಲ್ಲ ಅಂದ್ರೆ ಆ ಸೈಕಲ್ಲಿಗೆ ಬೇಡ, ಮುಂದಿನ ತಿಂಗಳು ನೋಡೋಣ ಅಂತೀವಿ.

ಹಾಕೋ ಕೆಲಸ ಡಾಕ್ಟರದು, ಐಯುಐಗೆ, ಅಂದ್ರೆ ವೀರ್ಯ ಗರ್ಭಕೋಶದೊಳಗೆ ಹಾಕೋದಕ್ಕೆ, ಬಳಸೋ ಮೆತ್ತನೆ ಕ್ಯಾತೆಟರಲ್ಲಿ ಅರ್ಧದಿಂದ ಒಂದು ಎಂಎಲ್. ಅದಕ್ಕಿಂತ ಜಾಸ್ತಿ ಹಾಕಿದ್ರೆ ವಾಪಸ್ ಹರಿದು ಬರುತ್ತೆ, ಜಾಗ ಅಷ್ಟೇ ಇರೋದು. ಅರಿವಳಿಕೆ ಬೇಡ, ಸ್ವಲ್ಪ ಹೊತ್ತು ಮಲಗಿ ಎದ್ದು ಮೆಟ್ರೋ ಹಿಡಿದು ಹೋಗ್ತಾರೆ. ಒಳಗೆ ಪ್ಲೇಟ್‌ಲೆಟ್ಟಿನ ಆಲ್ಫಾ ಗ್ರಾನ್ಯೂಲ್ ಅನ್ನೋ ಚಿಕ್ಕ ಚೀಲಗಳು ಒಡೆದು ವಿಇಜಿಎಫ್, ಪಿಡಿಜಿಎಫ್, ಟಿಜಿಎಫ್-ಬೀಟಾ, ಇಜಿಎಫ್ ಅನ್ನೋ ಬೆಳವಣಿಗೆ ಪ್ರೋಟೀನ್ ಎಲ್ಲ ಹೊರಗೆ ಬರ್ತವೆ. ಹೊಸ ರಕ್ತನಾಳ ಬೆಳೆಯೋಕೆ, ಉಳಿದಿರೋ ಕೋಶಗಳು ಹೆಚ್ಚಾಗೋಕೆ ಇವು ಸಿಗ್ನಲ್. ಎರಡು ಮೂರು ದಿನ ಬಿಟ್ಟು ಸ್ಕ್ಯಾನ್, 7 ಆಗಿಲ್ಲ ಅಂದ್ರೆ ಇನ್ನೊಂದು ಸಲ.

ಕೆಲಸ ಮಾಡುತ್ತಾ ಅಂದ್ರೆ, ಕೆಲವರಿಗೆ ಮಾಡುತ್ತೆ. ಈ ವಿಷಯ ಶುರುವಾಗಿದ್ದು 2015ರಲ್ಲಿ ಚೀನಾದಿಂದ ಬಂದ ಒಂದು ವರದಿಯಿಂದ, ಅದರಲ್ಲಿದ್ದಿದ್ದು ಬರೀ 5 ಹೆಂಗಸರು. ಐದೂ ಜನಕ್ಕೂ ಗರ್ಭ ನಿಂತಿತು ಅಂತ ಓದಿ ಪ್ರಪಂಚ ಎಲ್ಲ ಶುರು ಹಚ್ಕೊಂಡಿತು. ನಾನು ನೋಡಿರೋ ಮಟ್ಟಿಗೆ, ತಳಪದರ ಅಲ್ಪಸ್ವಲ್ಪ ಉಳಿದಿರೋರಿಗೆ ಒಂದು ಒಂದೂವರೆ ಎಂಎಂ ಏರೋದುಂಟು, ಪೂರ್ತಿ ಗಾಯದ ಕಲೆಯೇ ಆಗಿರೋ ಕಡೆ ಸಿಗ್ನಲ್ ಕೇಳೋರೇ ಇರಲ್ಲ. ಇನ್ನೊಂದು, ಲೈನಿಂಗ್ ದಪ್ಪ ಆದ ತಕ್ಷಣ ಮಗು ಆಯ್ತು ಅಂತಲ್ಲ.

ಇಲ್ಲಿಂದಾನೇ ಸ್ಟೆಮ್ ಸೆಲ್, ಅಂದ್ರೆ ತಾನೂ ಹೆಚ್ಚಾಗಿ ಬೇರೆ ಥರದ ಕೋಶನೂ ಆಗಬಲ್ಲ ಮೂಲಕೋಶ, ಅದರ ಪ್ರಶ್ನೆ ಬರೋದು. ತುಮಕೂರಿಂದ ಬಂದಿದ್ದ ಒಬ್ಬರು ಮೊಬೈಲ್ ಮುಂದೆ ಹಿಡಿದು, "ಮೇಡಂ, ಇದ್ರಲ್ಲಿ ನೋಡಿ, ಸ್ಟೆಮ್ ಸೆಲ್ ಹಾಕಿದ್ರೆ ಹೊಸದಾಗೇ ಬೆಳೆಯುತ್ತಂತೆ, ನೀವು ಮಾಡ್ತಿರೋದೂ ಅದೇನಾ?" ಅಂದ್ರು. "ಅಲ್ಲ ಸರ್, ಪ್ಲೇಟ್‌ಲೆಟ್ಟಿಗೆ ನ್ಯೂಕ್ಲಿಯಸ್ಸೇ ಇಲ್ಲ, ಅದು ಒಂದು ಎರಡಾಗಲ್ಲ, ಇದು ಸ್ಟೆಮ್ ಸೆಲ್ ಅಲ್ಲ" ಅಂದೆ. "ಹಂಗಾದ್ರೆ ಅದನ್ನೇ ಹಾಕ್ಬಿಡಿ, ದುಡ್ಡಿಗೆ ಯೋಚನೆ ಇಲ್ಲ" ಅಂದ್ರು ಪಾಪ. ಹೆಂಡತಿ ಪಕ್ಕದಲ್ಲಿ ತಲೆ ತಗ್ಗಿಸ್ಕೊಂಡು ಸೆರಗಿನ ತುದಿ ಸುತ್ತುತಾ ಕೂತಿದ್ರು.

ವಿಜ್ಞಾನ ಸುಳ್ಳಲ್ಲ. 2004ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹ್ಯೂ ಟೇಲರ್, ಬೇರೆಯವರಿಂದ ಬೋನ್ ಮ್ಯಾರೋ ಪಡೆದ ನಾಲ್ಕು ಹೆಂಗಸರ ಎಂಡೋಮೆಟ್ರಿಯಂ ಒಳಗೆ ದಾನಿಯ ಕೋಶ ಸೇರಿರೋದನ್ನ ತೋರಿಸಿದ್ರು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಕ್ಯಾರೊಲಿನ್ ಗಾರ್ಗೆಟ್ ತಂಡ ಎಂಡೋಮೆಟ್ರಿಯಂನಲ್ಲೇ ಸ್ಟೆಮ್ ಸೆಲ್ ಥರ ಬೆಳೆಯೋ ಕೋಶ ಇವೆ ಅಂತ ಬರೆದ್ರು. ನಮ್ಮ ಅಹಮದಾಬಾದಿನ ಡಾಕ್ಟರುಗಳು 2011ರಲ್ಲಿ ಆಶರ್ಮನ್ ಇದ್ದ ಒಬ್ಬರಿಗೆ ಅವರದೇ ಬೋನ್ ಮ್ಯಾರೋ ಕೋಶ ಹಾಕಿ ಗರ್ಭ ನಿಂತಿದ್ದನ್ನ ಪ್ರಕಟಿಸಿದ್ರು, 2016ರಲ್ಲಿ ಸ್ಪೇನಿನವರು ಬೋನ್ ಮ್ಯಾರೋದ ಸಿಡಿ133 ಅನ್ನೋ ಸ್ಟೆಮ್ ಸೆಲ್‌ಗಳನ್ನ ರಕ್ತನಾಳದ ಮೂಲಕ ಗರ್ಭಕೋಶಕ್ಕೆ ಕಳಿಸಿ ನೋಡಿದ್ರು. ಆದ್ರೆ ಇವೆಲ್ಲ ಬೆರಳೆಣಿಕೆ ಜನರ ಮೇಲೆ ಆಗಿರೋದು. ನಮ್ಮಲ್ಲಿ ಐಸಿಎಂಆರ್, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅದರ 2017ರ ಗೈಡ್‌ಲೈನ್ ಪ್ರಕಾರ ರಕ್ತದ ಕಾಯಿಲೆಗಳಂಥ ಒಪ್ಪಿಗೆ ಇರೋ ಬೋನ್ ಮ್ಯಾರೋ ಕಸಿ ಬಿಟ್ಟು ಉಳಿದಿದ್ದೆಲ್ಲ ಟ್ರಯಲ್ ಒಳಗೇ ನಡೀಬೇಕು, ಟ್ರಯಲ್ಲಿಗೆ ಪೇಶೆಂಟಿಂದ ದುಡ್ಡು ಕೇಳೋ ಹಾಗಿಲ್ಲ. ಹಾಗಾಗಿ ಲಕ್ಷಗಟ್ಟಲೆ ರೇಟ್ ಹೇಳಿದ್ರು ಅಂದ್ರೆ ಅಲ್ಲೇ ಗೊತ್ತಾಗ್ಬೇಕು. ಜಿಕೆವಿಕೆ ಕ್ಯಾಂಪಸ್ಸಿನ ಇನ್‌ಸ್ಟೆಮ್‌ಗೆ ಹೋದ್ರೆ ಕೊಡ್ತಾರಾ ಅಂತಾನೂ ಕೇಳ್ತಾರೆ, ಅದು ಸಂಶೋಧನಾ ಸಂಸ್ಥೆ, ಆಸ್ಪತ್ರೆ ಅಲ್ಲ.

ಆ ತುಮಕೂರಿನವರ ಹೆಂಡತಿಗೆ ಎರಡು ಸಲ ಪಿಆರ್‌ಪಿ ಹಾಕಿದ್ರೂ ಲೈನಿಂಗ್ 5.8 ಎಂಎಂ ದಾಟಲಿಲ್ಲ, ನನ್ನ ಕೌಂಟ್ ಎರಡು ಸಲಾನೂ ಚೆನ್ನಾಗೇ ಇತ್ತು. ಡಾಕ್ಟರು ಕೂರಿಸಿಕೊಂಡು ಸರೊಗಸಿ, ಅಂದ್ರೆ ಬಾಡಿಗೆ ತಾಯ್ತನದ ವಿಷಯ ತೆಗೆದ್ರು. 2022ರ ಸರೊಗಸಿ ನಿಯಮದಲ್ಲಿ ಯಾರಿಗೆ ಅವಕಾಶ ಅನ್ನೋ ಪಟ್ಟಿಯಲ್ಲಿ ಗರ್ಭಕೋಶದ ಅಂಟು ಮತ್ತು ತೆಳು ಎಂಡೋಮೆಟ್ರಿಯಂ ಅಂತ ಹೆಸರು ಹಿಡಿದೇ ಬರೆದಿದೆ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಪೇಪರ್ ಕೆಲಸ ಉದ್ದ, ಆದ್ರೂ ಅವರು ಶುರು ಮಾಡಿದಾರೆ. ಎಂಬ್ರಿಯೊಗಳು ಇನ್ನೂ ನನ್ನ ಟ್ಯಾಂಕಲ್ಲೇ ಇವೆ, ಮೊನ್ನೆ ಫೋನ್ ಮಾಡಿ ಸ್ಟೋರೇಜ್ ರಿನ್ಯೂವಲ್ ಯಾವಾಗ ಅಂತ ಕೇಳಿದ್ರು.