ಓಡೋಮೀಟರ್ ನಿಂತಿದೆಯಾ? ಮೊದಲು ಮುಳ್ಳು ನೋಡಿ

ಹಳೆ ಕಾರಿನ ಓಡೋಮೀಟರ್, ಅಂದರೆ ಒಟ್ಟು ಓಡಿದ ಕಿಲೋಮೀಟರ್ ತೋರಿಸುವ ಅಂಕಿ, ನಿಂತ ಕೂಡಲೇ ಇಡೀ ಮೀಟರ್ ಬದಲಿಸಲು ಹೋಗಬೇಡಿ. ಓಡಿಸುವಾಗ ಸ್ಪೀಡೋಮೀಟರ್ ಮುಳ್ಳು ಏಳುತ್ತಿದೆಯಾ ನೋಡಿ. ಅದೂ ಸತ್ತಿದ್ದರೆ ಗೇರ್‌ಬಾಕ್ಸ್‌ನಿಂದ ಮೀಟರ್‌ಗೆ ಬರುವ ಕೇಬಲ್ ತುಂಡಾಗಿರಬಹುದು, ಇಲ್ಲವೇ ಗೇರ್‌ಬಾಕ್ಸ್ ಕಡೆ ತೊಂದರೆ. ಮುಳ್ಳು ಸರಿಯಿದ್ದು ಅಂಕಿ ಮಾತ್ರ ತಿರುಗದಿದ್ದರೆ, ಹೆಚ್ಚಾಗಿ ಒಳಗಿನ ಪುಟ್ಟ ಪ್ಲಾಸ್ಟಿಕ್ ಗೇರ್‌ನದೇ ಕಿತಾಪತಿ. ವಯಸ್ಸಾದಂತೆ ಅದರ ಹಲ್ಲು ಉದುರುತ್ತದೆ, ನಮ್ಮ ಹಾಗೇ ಅಲ್ವಾ!

ಮೀಟರ್ ಬಿಚ್ಚುವ ಮುಂಚೆ ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಅಂಕಿಗಳ ಫೋಟೋ ತೆಗೆದಿಡಿ, ಮುಂದೆ ಕಾರು ಮಾರುವಾಗ ಬೇಕಾಗುತ್ತದೆ. ಮುಳ್ಳನ್ನು ಆದಷ್ಟು ಕೀಳಬೇಡಿ. ಮತ್ತೆ ಅದೇ ಜಾಗಕ್ಕೆ ಕೂರಿಸುವುದು ದೊಡ್ಡ ತಲೆನೋವು.

ಹೊಸ ಗೇರ್ ತರಿಸುವ ಮೊದಲು ಹಳೆಯದರ ಹಲ್ಲು ಎಣಿಸಿ. ಮುರಿದು ಹೋದ ಹಲ್ಲಿನ ಜಾಗವನ್ನೂ ಸೇರಿಸಿ, ಎರಡೆರಡು ಸಲ. ಒಂದು ಹಲ್ಲು ಜಾಸ್ತಿಯಾದರೂ ಕಿಲೋಮೀಟರ್ ಲೆಕ್ಕ ತಪ್ಪುತ್ತದೆ. ಮುರಿದ ಹಲ್ಲಿಗೆ ಅಂಟು ಹಾಕುವುದು ಸುಮ್ನೆ ದಂಡ, ನಾನು ಹಾಕಿ ನೋಡಿದ್ದೇನೆ. ಎಲ್ಲ ಜೋಡಿಸಿದ ಮೇಲೆ ಫೋನಿನ ಜಿಪಿಎಸ್ ಇಟ್ಟುಕೊಂಡು 10 ಕಿಲೋಮೀಟರ್ ಓಡಿಸಿ ತಾಳೆ ನೋಡಿ.

ಇನ್ನೊಂದು ಮಾತು. ಕಾರು ಓಡುತ್ತಿರುವಾಗ ಟ್ರಿಪ್ ಮೀಟರ್ (ಒಂದು ಪ್ರಯಾಣದ ದೂರ ತೋರಿಸುವ ಅಂಕಿ) ಸೊನ್ನೆ ಮಾಡುವ ಬಟನ್ ಒತ್ತಬೇಡಿ. ಕೆಲವು ಹಳೆ ಮೀಟರ್‌ಗಳಲ್ಲಿ ಗೇರ್ ಮುರಿಯುವುದೇ ಹಾಗೆ.