ಬಾಟ್‌ಗೆ ಯಾವ ಕೆಲಸ, ನಮಗೆ ಯಾವುದು?

ಕಾರವಾರ, ಶಿರಸಿ ಕಡೆಯ ಊರುಗಳ ಲೇಖನಗಳನ್ನು ಕನ್ನಡ ವಿಕಿಪೀಡಿಯದಲ್ಲಿ ನೋಡಿಕೊಳ್ಳಲು ನಾಲ್ಕೈದು ಜನ, ಜೊತೆಗೊಂದು ಬಾಟ್ (ತಾನಾಗಿ ಪುಟಗಳನ್ನು ತಿದ್ದುವ ಪ್ರೋಗ್ರಾಂ) ಇದ್ದರೆ ಸಾಕು. ಬಾಟ್ ಓಡಿಸಲು ಪೈವಿಕಿಬಾಟ್ ಅನ್ನುವ ತಂತ್ರಾಂಶ ಹಾಕಿಕೊಳ್ಳಿ. ಬಾಟ್‌ಗೆ ಬೇರೆ ಖಾತೆ ಮಾಡಿ, ಸಮುದಾಯದ ಒಪ್ಪಿಗೆ ಕೇಳಿ. ಮೊದಲು ಸಿಮ್ಯುಲೇಟ್ (ಬರೀ ಪ್ರಯೋಗ) ಆಯ್ಕೆಯಲ್ಲಿ ಓಡಿಸಿ. ಏನೂ ಸೇವ್ ಆಗುವುದಿಲ್ಲ, ಏನು ಬದಲಾಗುತ್ತಿತ್ತು ಅಂತ ಮಾತ್ರ ಕಾಣುತ್ತದೆ. ನಾನು ಒಮ್ಮೆ ಇದನ್ನು ಬಿಟ್ಟು, 'ಕಾಳಿ' ಅಂತ ಇದ್ದಲ್ಲೆಲ್ಲ ನದಿಯ ಪುಟಕ್ಕೆ ಕೊಂಡಿ ಹಾಕಿಸಿದೆ, ದೇವಿಯೂ ಹರಿದು ಸದಾಶಿವಗಡದ ಹತ್ತಿರ ಸಮುದ್ರ ಸೇರಿಬಿಟ್ಟಳು! ವರ್ಗ ಬದಲಿಸುವುದು, ಎರಡೆರಡು ಸ್ಪೇಸ್ ತೆಗೆಯುವುದು ಬಾಟ್‌ಗೇ ಇರಲಿ. ಶಿರಸಿಯೋ ಸಿರ್ಸಿಯೋ, ಅಂಕೋಲೆಯೋ ಅಂಕೋಲಾವೋ ಅನ್ನುವುದನ್ನು ಜನರೇ ಚರ್ಚೆಪುಟದಲ್ಲಿ ತೀರ್ಮಾನಿಸಬೇಕು. ಹೊಸಬರಿಗೆ ತಾಲೂಕು ಹಂಚಿ, ಹೊನ್ನಾವರದವರಿಗೆ ಹೊನ್ನಾವರ, ಅಷ್ಟೇ. ಅವರವರ ಪುಟಗಳನ್ನು ವೀಕ್ಷಣಾಪಟ್ಟಿಗೆ (ಬದಲಾವಣೆಗಳ ಮೇಲೆ ಕಣ್ಣಿಡುವ ಪಟ್ಟಿಗೆ) ಸೇರಿಸುವುದು ಹೇಗೆ ಅಂತ ಪಕ್ಕದಲ್ಲಿ ಕೂತು ತೋರಿಸಿ.